ಪ್ಲೇಟಿನಲ್ಲಿ ಸಂಗೀತ ಉಳಿಸಿದ ಮಹಾರಾಜರು

ಶ್ರೀ ಜಯಚಾಮರಾಜೇಂದ್ರ ಒಡೆಯರು ಮೈಸೂರಿನ ಕೊನೆಯ ಮಹಾರಾಜರು ಎಂದು ನಮಗೆಲ್ಲ ಗೊತ್ತು. ಆದರೆ ಗ್ರಾಮಫೋನ್ ಪ್ಲೇಟಿಗೂ ಅವರಿಗೂ ಇದ್ದ ನಂಟು ಬಹಳ ಜನಕ್ಕೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಚಿಕ್ಕಂದಿನಿಂದ ಪಿಯಾನೋ ಎಂದರೆ ಪ್ರಾಣ. ದೊಡ್ಡ ಪಿಯಾನೋ ವಾದಕ ಆಗಬೇಕೆಂದು ಆಸೆ. ಆದರೆ 1940ರಲ್ಲಿ ಮೊದಲು ತಂದೆ, ಆಮೇಲೆ ದೊಡ್ಡಪ್ಪ ತೀರಿಕೊಂಡರು. 21ನೇ ವಯಸ್ಸಿಗೇ ಸಿಂಹಾಸನ ಏರಬೇಕಾಯ್ತು. ಆ ಆಸೆ ಅಲ್ಲಿಗೇ ನಿಂತುಹೋಯ್ತು.

ಆದರೂ ಅವರು ಸಂಗೀತ ಬಿಡಲಿಲ್ಲ. ಅರಮನೆಯಲ್ಲಿ ಸಾವಿರಾರು ಪ್ಲೇಟು ಕೂಡಿಸಿದರು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರು ಆಗ ಲಂಡನ್ನಿನಲ್ಲಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆ ಇತ್ತು. ಅವರ ಸಂಗೀತವನ್ನು ಜನ ಮರೆಯುತ್ತಿದ್ದರು. ನಮ್ಮ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಮಾಡಿಸಿದರು. 1947ರಲ್ಲಿ ಮೆಟ್ನರ್ ತಾವೇ ಪಿಯಾನೋ ನುಡಿಸಿದರು. ಎಚ್.ಎಂ.ವಿ.ಯವರು ಪ್ಲೇಟು ಮಾಡಿದರು. ಮೆಟ್ನರ್ ತಮ್ಮ ಮೂರನೇ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಪ್ಲೇಟು ತಡವಾಗಿದ್ದರೆ ಆ ಕೈಗಳ ನಾದ ನಮಗೆ ಸಿಗುತ್ತಲೇ ಇರಲಿಲ್ಲ.

ಆಗಿನ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ. ಆದ್ದರಿಂದ ಒಂದು ದೊಡ್ಡ ಕೃತಿಗೆ ನಾಲ್ಕಾರು ಪ್ಲೇಟು ಬೇಕು. ಬಿದ್ದರೆ ಒಡೆದೇ ಹೋಗ್ತದೆ. ಪ್ರತಿ ಸಲ ಮುಳ್ಳು ಓಡಿದಾಗ ಗೆರೆ ಸವೀತದೆ. 1990ರ ದಶಕದಲ್ಲಿ ಈ ಪ್ಲೇಟುಗಳ ಸಂಗೀತ ಸಿ.ಡಿ.ಯಲ್ಲಿ ಮತ್ತೆ ಬಂತು.

ಹಳೇದು ಚೆನ್ನವೋ ಹೊಸದು ಚೆನ್ನವೋ? ಜಯಲಕ್ಷ್ಮಿಪುರಂನ ನಮ್ಮ ಸೋದರಮಾವನ ಮನೇಲಿ ವೀಣೆಯ ಒಂದು ಹಳೇ ಪ್ಲೇಟು, ಅದರದೇ ಸಿ.ಡಿ. ಎರಡೂ ಇವೆ. ಪ್ಲೇಟಿನಲ್ಲಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಆದರೆ ತಂತಿ ಮೀಟಿದ್ದು ಪಕ್ಕದಲ್ಲೇ ಕೂತು ಕೇಳಿದ ಹಾಗಿರ್ತದೆ. ಸಿ.ಡಿ.ಯಲ್ಲಿ ಚಟಪಟ ಇಲ್ಲ. ಆದರೆ ಮೀಟಿದ ಮೇಲೆ ಉಳಿಯೋ ಸಣ್ಣ ಗುಂಯ್ ಅನ್ನೋದೂ ಇಲ್ಲ. ಸದ್ದು ತೆಗೆಯುವಾಗ ಜಾಸ್ತಿ ಉಜ್ಜಿದರೆ ನಾದವೂ ಹೋಗುತ್ತದೆ ಎಂದು ಮಾವ ಹೇಳಿದರು. ಪಾತ್ರೆ ಉಜ್ಜಿ ಉಜ್ಜಿ ಕಲಾಯಿಯೇ ಹೋದ ಹಾಗೆ. ಹಾಗಂತ ಹೊಸದು ಬೇಡವೆಂದಲ್ಲ. ಅರಗಿನ ಪ್ಲೇಟು ಎಲ್ಲರ ಮನೆಗೂ ಬರಲ್ಲ, ಹೊಸದು ಬರ್ತದೆ. ಆದರೆ ಹೊಸದು ಬಂತೆಂದು ಹಳೇ ಪ್ಲೇಟು ಗುಜರಿಗೆ ಹಾಕಬಾರದು. ಮುಂದೆ ಇನ್ನೂ ಚೆನ್ನಾಗಿ ಮಾಡಬೇಕಾದರೆ ಹಳೇದೇ ಬೇಕು.

ಮಹಾರಾಜರು ತಾವೂ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿ ರಚಿಸಿದರು. ರಾಜ್ಯ ಹೋದ ಮೇಲೆ ರಾಜ್ಯಪಾಲರಾಗಿದ್ದರು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ತಮಗೆ ಪಿಯಾನೋ ವಾದಕರಾಗುವ ಯೋಗ ಇಲ್ಲದಿದ್ದರೂ ಇನ್ನೊಬ್ಬರ ಪಿಯಾನೋ ಉಳಿಸಿದರು. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಪ್ಲೇಟು ಇದ್ದರೆ ಧೂಳು ಒರೆಸಿ, ನೆಟ್ಟಗೆ ನಿಲ್ಲಿಸಿಡಿ.

– 7ನೇ ತರಗತಿ