ರೋಗಿಗೂ ವ್ಯಾಯಾಮ ಕಲಿಸಿದ ಕೆ.ವಿ. ಅಯ್ಯರ್

ಕೆ.ವಿ. ಅಯ್ಯರ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳು. ಹಳೆಯ ಬೆಂಗಳೂರಿಗರಿಗಾದರೋ ಅವರು ಮೊದಲಿಗೆ ವ್ಯಾಯಾಮದ ಮೇಷ್ಟ್ರು. ಆರೋಗ್ಯವಂತರಿಗೆ ಮಾತ್ರವಲ್ಲ, ಕಾಯಿಲೆಯವರಿಗೂ ಕಸರತ್ತು ಬೇಕೆಂದು ನಂಬಿದ್ದವರು. ಅವರ ಬಾಳಿನ ಈ ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಅವರು ತೆರೆದ ಹರ್ಕ್ಯುಲಿಸ್ ವ್ಯಾಯಾಮಶಾಲೆ ಮುಂದೆ ಚಾಮರಾಜಪೇಟೆಗೆ ಸಮೀಪದ ಜೆ.ಸಿ. ರಸ್ತೆಯಲ್ಲಿ ನೆಲೆಯೂರಿತು. ಹೆಸರಿನ ಹಿಂದಿದ್ದ ‘ಪ್ರೊಫೆಸರ್’ ಯಾವ ವಿಶ್ವವಿದ್ಯಾನಿಲಯ ಕೊಟ್ಟದ್ದೂ ಅಲ್ಲ. ಆ ಕಾಲದ ದೇಹದಾರ್ಢ್ಯ ಪಟುಗಳಲ್ಲಿ ಹಾಗೆ ಕರೆಸಿಕೊಳ್ಳುವ ರೂಢಿಯಿತ್ತು. ಅವರ ಮೈಕಟ್ಟಿನ ಛಾಯಾಚಿತ್ರಗಳು ವಿದೇಶೀ ಪತ್ರಿಕೆಗಳಲ್ಲಿ ಅಚ್ಚಾದವು. ಅಂಚೆಯ ಮೂಲಕವೂ ಅವರು ಪಾಠ ಹೇಳಿದರು.

ಪಶ್ಚಿಮದ ಬಾರ್‌ಬೆಲ್ ಮತ್ತು ನಮ್ಮ ಹಠಯೋಗ ಒಂದಕ್ಕೊಂದು ವಿರೋಧಿಗಳೆಂದು ಅವರು ಎಣಿಸಲಿಲ್ಲ. ಯೋಗಪಟು ಎಸ್. ಸುಂದರಂ ಅವರೊಡನೆ ಊರೂರುಗಳಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, ಮರುವರ್ಷ ‘ಸೂರ್ಯನಮಸ್ಕಾರ’ ಎಂಬ ಇಂಗ್ಲಿಷ್ ಪುಸ್ತಕಗಳು ಹೊರಬಂದವು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ವಸ್ಥರಾಗಿದ್ದಾಗ ಅಯ್ಯರ್ ಅವರ ವ್ಯಾಯಾಮ ಕ್ರಮದಿಂದ ಚೇತರಿಸಿಕೊಂಡು, ಅವರಿಗೆ ಪೋಷಕರಾಗಿ ನಿಂತರು. ನಾಟಕಕಾರ ಟಿ.ಪಿ. ಕೈಲಾಸಂ ಆಪ್ತ ಸ್ನೇಹಿತರು. ಶಿಸ್ತಿಗೆ ಹೆಸರಾದ ಮೇಷ್ಟ್ರಿಗೂ ಶಿಸ್ತಿನ ಗೊಡವೆಯೇ ಬೇಡವೆಂದ ಕೈಲಾಸಂಗೂ ಹೇಗೆ ಹೊಂದಿತೆಂಬುದು ಇಂದಿಗೂ ಸೋಜಿಗ. ‘ಕೈಲಾಸಂ ಸ್ಮರಣೆ’ ಆ ಸ್ನೇಹದ ಫಲ.

ಅಯ್ಯರ್ ಅವರು ವೈದ್ಯರಲ್ಲ, ಸಂಧಿವಾತದ ತಜ್ಞರಂತೂ ಅಲ್ಲವೇ ಅಲ್ಲ. ಆದರೂ ಅವರ ನಂಬಿಕೆಯ ಬೆಲೆ ಆ ಕಾಯಿಲೆಯ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತಕ್ಕೆ ಅವರ ಕಾಲದಲ್ಲಿ ಹಾಸಿಗೆಯ ವಿಶ್ರಾಂತಿಯೇ ಚಿಕಿತ್ಸೆಯೆನಿಸಿತ್ತು. ಅಲುಗಾಡಿದರೆ ಕೀಲು ಸವೆದೀತೆಂಬ ಭಯ. ಮಲಗಿದವರ ಸ್ನಾಯುಗಳು ಸೊರಗುತ್ತಿದ್ದವು, ಕೀಲುಗಳು ಮತ್ತಷ್ಟು ಬಿಗಿಯುತ್ತಿದ್ದವು.

ಅಯ್ಯರ್ ನಿಧನರಾದದ್ದು 1980ರಲ್ಲಿ. ಇಂತಹ ರೋಗಿಗಳಿಗೆ ದೀರ್ಘಕಾಲ ವ್ಯಾಯಾಮ ಮಾಡಿಸಿ ನೋಡಿದ ಸ್ವೀಡನ್ನಿನ ಅಧ್ಯಯನವೊಂದು ಮರುವರ್ಷವೇ ಪ್ರಕಟವಾಯಿತು. 2003ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಸುಮಾರು 300 ರೋಗಿಗಳನ್ನು 2 ವರ್ಷ ಗಮನಿಸಿದ ವಿವರ ಮುಂದಿಟ್ಟರು. ಬಿರುಸಿನ ವ್ಯಾಯಾಮದಿಂದ ಶಕ್ತಿ ಹೆಚ್ಚಿತ್ತು, ಬಹುತೇಕರ ದೊಡ್ಡ ಕೀಲುಗಳಿಗೆ ಹೆಚ್ಚಿನ ಹಾನಿಯಾಗಿರಲಿಲ್ಲ. ಮೊದಲೇ ತೀರ ಹಾಳಾದ ಕೀಲುಗಳಿದ್ದವರು ಮಾತ್ರ ಎಚ್ಚರ ವಹಿಸಬೇಕೆಂದು ಕಂಡುಬಂತು. 2018ರಲ್ಲಿ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್, ದೈಹಿಕ ಚಟುವಟಿಕೆಯು ಚಿಕಿತ್ಸೆಯ ಅಂಗವೇ ಆಗಬೇಕೆಂದು ಶಿಫಾರಸು ಮಾಡಿತು. ಇಷ್ಟಾದರೂ ಈ ರೋಗಿಗಳಲ್ಲಿ ಹೆಚ್ಚಿನವರು ಇತರರಿಗಿಂತ ಕಡಿಮೆ ಓಡಾಡುತ್ತಾರೆ. ನೋವು, ದಣಿವು ಒಂದು ಕಾರಣ. ಹಳೆಯ ಭಯ ಇನ್ನೊಂದು.

ವ್ಯಾಯಾಮ ಮಾಡಿದೆನೆಂದು ಔಷಧ ಬಿಡುವಂತಿಲ್ಲ. ಅಯ್ಯರ್ ಅವರಿಗೆ ಪ್ರಿಯವಾದ ಸೂರ್ಯನಮಸ್ಕಾರವನ್ನು ಎಲ್ಲರಿಗೂ ಹೇಳುವಂತೆಯೂ ಇಲ್ಲ. ಮಣಿಕಟ್ಟು ಬಾತವರಿಗೆ ಅಂಗೈಯೂರಿ ಮೈಭಾರ ಹೊರುವುದು ಯಾತನೆ. ಅಂಥವರು ವೈದ್ಯರನ್ನು ಕೇಳಿ, ನಡಿಗೆಯನ್ನೋ ಈಜನ್ನೋ ಆರಿಸಿಕೊಳ್ಳಬಹುದು.