ಕಾವಲಿನವರೇ ತಿರುಗಿ ಬಿದ್ದಾಗ

1959. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕ. ಕೊನೆಗೆ ನಾಯಕ ಸಾಯಬೇಕು. ಆ ಪಾತ್ರ ಮಾಡಿದ್ದ ನಟ ಸುಮ್ಮನೆ ಕುಸಿಯಲಿಲ್ಲ. ಸುಮಾರು 12 ಅಡಿ ಎತ್ತರದ ಕಟ್ಟೆಯಿಂದ ತಲೆಕೆಳಗಾಗಿ ಬಿದ್ದರು. ಮೇಲಿದ್ದ ಸಹನಟರು ಅವರ ಕಾಲು ಹಿಡಿದು ನೇತಾಡಿಸಿದರು. ಆಗ ಅವರ ವಯಸ್ಸು 52. ಹೆಸರು ಲಾರೆನ್ಸ್ ಒಲಿವಿಯೆ.

1907ರಲ್ಲಿ ಡಾರ್ಕಿಂಗ್‌ ಎಂಬ ಊರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. 12ನೇ ವಯಸ್ಸಲ್ಲಿ ತಾಯಿ ತೀರಿಕೊಂಡರು. 1948ರ ‘ಹ್ಯಾಮ್ಲೆಟ್’ ಸಿನಿಮಾವನ್ನು ತಾವೇ ನಿರ್ದೇಶಿಸಿ, ತಾವೇ ನಟಿಸಿ ಆಸ್ಕರ್ ಗೆದ್ದರು. 1963ರಲ್ಲಿ ಬ್ರಿಟನ್ನಿನ ನ್ಯಾಷನಲ್ ಥಿಯೇಟರ್‌ನ ಮೊದಲ ನಿರ್ದೇಶಕರಾದರು. ಧ್ವನಿಯಷ್ಟೇ ಮೈಯನ್ನೂ ಪಳಗಿಸಿಕೊಂಡ ನಟ ಅವರು.

1974ರಲ್ಲಿ ಆ ಮೈಯೇ ಕೈಕೊಟ್ಟಿತು. ಕಾಯಿಲೆಯ ಹೆಸರು ಡರ್ಮಟೊಮಯೊಸೈಟಿಸ್, ಅಂದ್ರೆ ಚರ್ಮ ಮತ್ತು ಸ್ನಾಯುಗಳ ಉರಿಯೂತ. ಹೊರಗಿನ ರೋಗಾಣುವಿನ ಜೊತೆ ಹೋರಾಡಬೇಕಾದ ಪ್ರತಿರಕ್ಷಣಾ ಕೋಶಗಳು ಇಲ್ಲಿ ಸ್ವಂತ ದೇಹದ ಮೇಲೇ ತಿರುಗಿ ಬೀಳ್ತವೆ.

ಅದು ಹೇಗೆ ಅಂತ ನೋಡೋಣ. ಟಿ ಕೋಶ, ಬಿ ಕೋಶಗಳು ಸ್ನಾಯುವಿನೊಳಗಿನ ಸಣ್ಣ ರಕ್ತನಾಳಗಳ ಸುತ್ತ ಗುಂಪುಗೂಡ್ತವೆ. ಡೆಂಡ್ರೈಟಿಕ್ ಕೋಶಗಳು ಇಂಟರ್‌ಫೆರಾನ್ ಅನ್ನೋ ರಾಸಾಯನಿಕ ಸಂದೇಶ ಹೊರಡಿಸ್ತವೆ. ವೈರಸ್ ಬಂದಾಗ ಮೊಳಗಬೇಕಾದ ಅಲಾರಂ ಅದು. ಇಲ್ಲಿ ನಿಲ್ಲೋದೇ ಇಲ್ಲ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಸೂಕ್ಷ್ಮ ರಕ್ತನಾಳಗಳಿಗೆ ಅಂಟಿಕೊಂಡು ಅವನ್ನು ಹಾಳುಮಾಡ್ತವೆ. ಪರಿಣಾಮ, ಸ್ನಾಯು ಎಳೆಗಳ ಪ್ರತಿ ಕಟ್ಟಿನ ಅಂಚಿನಲ್ಲಿರುವ ಎಳೆಗಳು ಮೊದಲು ಸೊರಗ್ತವೆ. ಇದರ ಹತ್ತಿರದ ಕಾಯಿಲೆ ಪಾಲಿಮಯೊಸೈಟಿಸ್‌ನಲ್ಲಿ ಕಥೆ ಸ್ವಲ್ಪ ಬೇರೆ: ಅಲ್ಲಿ ಕೊಲ್ಲುವ ಟಿ ಕೋಶಗಳು ನೇರವಾಗಿ ಸ್ನಾಯುವಿನ ಎಳೆಗೇ ನುಗ್ಗುತ್ತವೆ. ಈ ವ್ಯತ್ಯಾಸ ವಿಜ್ಞಾನಿಗಳಿಗೆ ಸ್ಪಷ್ಟವಾಗತೊಡಗಿದ್ದು 1980ರ ದಶಕದಲ್ಲಿ, ಒಲಿವಿಯೆ ಹಾಸಿಗೆ ಹಿಡಿದ ಎಷ್ಟೋ ವರ್ಷಗಳ ನಂತರ.

ಭುಜ, ತೊಡೆಗಳ ಸ್ನಾಯುಗಳಿಗೆ ಮೊದಲ ಪೆಟ್ಟು ಬೀಳುತ್ತೆ. ಒಲಿವಿಯೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಕೋಶಗಳನ್ನು ಸುಮ್ಮನಾಗಿಸಲು ಸ್ಟೆರಾಯ್ಡ್ ಕೊಡ್ತಾರೆ; ಆದರೆ ಹೆಚ್ಚು ದಿನ ತಗೊಂಡರೆ ಸ್ಟೆರಾಯ್ಡ್ ಕೂಡ ಸ್ನಾಯುವನ್ನು ಸವೆಸುತ್ತೆ. ಅವರು ಮತ್ತೆ ರಂಗಭೂಮಿಯಲ್ಲಿ ನಾಟಕ ಆಡಲಿಲ್ಲ. ಪ್ರತಿ ಸಂಜೆ ಗಂಟೆಗಟ್ಟಲೆ ನಿಂತು ನಟಿಸುವ ಕಸುವು ಉಳಿದಿರಲಿಲ್ಲ.

ಕ್ಯಾಮೆರಾ ಮುಂದೆ ಹಾಗಲ್ಲ. ತುಣುಕು ತುಣುಕಾಗಿ ಚಿತ್ರೀಕರಣ, ಮಧ್ಯೆ ವಿಶ್ರಾಂತಿ. ಮುಖ, ಧ್ವನಿ ಇದ್ದರೆ ಎಷ್ಟೋ ಕೆಲಸ ನಡೆಯುತ್ತೆ. 1976ರ ‘ಮ್ಯಾರಥಾನ್ ಮ್ಯಾನ್’ನಲ್ಲಿ ನಾಜಿ ದಂತವೈದ್ಯನಾಗಿ ಮತ್ತೆ ಆಸ್ಕರ್ ನಾಮನಿರ್ದೇಶನ ಪಡೆದರು. 1983ರಲ್ಲಿ, 75 ದಾಟಿದ ಮೇಲೆ, ದೂರದರ್ಶನಕ್ಕಾಗಿ ಮಾಡಿದ ‘ಕಿಂಗ್ ಲಿಯರ್’ ಪ್ರಸಾರವಾಯಿತು. ತನ್ನ ಕೈಯಿಂದ ಎಲ್ಲ ಜಾರಿಹೋಗೋದನ್ನು ನೋಡುವ ಮುದುಕ ರಾಜನ ಪಾತ್ರ. ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು. 1989ರ ಜುಲೈ 11ರಂದು ತೀರಿಕೊಂಡರು.

ಸ್ನಾಯುವಿನ ಸೋಲು ಮೊದಮೊದಲು ಹೊರಗಿನವರಿಗೆ ಸೋಮಾರಿತನದ ಹಾಗೆ ಕಾಣುತ್ತೆ. ನಮ್ಮ ಜೊತೆಯವರು ಯಾರಾದ್ರೂ ತಲೆ ಬಾಚೋಕೆ ಕೈ ಎತ್ತೋಕಾಗ್ತಿಲ್ಲ, ಮೆಟ್ಟಿಲು ಹತ್ತೋಕಾಗ್ತಿಲ್ಲ ಅಂತ ವಾರಗಟ್ಟಲೆ ಹೇಳ್ತಿದ್ದರೆ, ಕಣ್ಣುರೆಪ್ಪೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಕಲೆ ಕಂಡರೆ, ನಾವು ಛೇಡಿಸೋದು ಬೇಡ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಬೇಗ ಗೊತ್ತಾದಷ್ಟೂ ಉಳಿಸಿಕೊಳ್ಳಬಹುದಾದ ಸ್ನಾಯು ಹೆಚ್ಚು.