ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು (1852–1926)

ಸಾರ್ವಜನಿಕರ ಮಾಹಿತಿಗಾಗಿ

ಕರ್ನಾಟಕದ ತಂತಿವಾದ್ಯ ಪರಂಪರೆಯಲ್ಲಿ ಮೈಸೂರು ವೀಣೆಗೆ ವಿಶಿಷ್ಟ ಸ್ಥಾನವಿದೆ. ಈ ವಾದನ ಶೈಲಿಗೆ ನಾಡಿನಾದ್ಯಂತ ಮನ್ನಣೆ ದೊರಕಿಸಿದವರಲ್ಲಿ ವೀಣೆ ಶೇಷಣ್ಣನವರು ಅಗ್ರಗಣ್ಯರು. ಅಣಶಿಯನ್ನೊಳಗೊಂಡ ಜೋಯಿಡಾ ತಾಲ್ಲೂಕಿನ ನೆರೆಯ ಬೆಳಗಾವಿಯೊಡನೆಯೂ ಅವರ ಜೀವನದ ಒಂದು ಮಹತ್ವದ ಘಟನೆ ಬೆಸೆದುಕೊಂಡಿದೆ.

ಜನನ ಮತ್ತು ಶಿಕ್ಷಣ

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ಇವರ ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವೈಣಿಕರಾಗಿದ್ದರು. ಎಳೆಯ ವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡ ಶೇಷಣ್ಣನವರು ದೊಡ್ಡ ಶೇಷಣ್ಣನವರಲ್ಲಿ ವೀಣೆಯನ್ನೂ, ಮೈಸೂರು ಸದಾಶಿವರಾಯರಲ್ಲಿ ಗಾಯನವನ್ನೂ ಅಭ್ಯಾಸ ಮಾಡಿದರು. ಗಾಯನದ ಈ ಶಿಕ್ಷಣವೇ ಅವರ ವೀಣಾವಾದನಕ್ಕೆ ಭಾವಪುಷ್ಟಿಯನ್ನು ನೀಡಿತೆಂದು ತಿಳಿದವರು ಅಭಿಪ್ರಾಯಪಡುತ್ತಾರೆ.

ವಾದನ ಮತ್ತು ವಾದ್ಯ

ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳೂ, ನುಡಿಸಲು 4 ತಂತಿಗಳೂ, ಶ್ರುತಿ ಮತ್ತು ತಾಳಕ್ಕಾಗಿ 3 ತಂತಿಗಳೂ ಇರುತ್ತವೆ. ಮೃದುವಾದ ಮೀಟು ಹಾಗೂ ಸ್ವರಗಳ ಸ್ಪಷ್ಟತೆ ಮೈಸೂರು ಶೈಲಿಯ ಲಕ್ಷಣಗಳಾಗಿವೆ. ಶೇಷಣ್ಣನವರು ಪಿಟೀಲು, ಪಿಯಾನೋ, ಜಲತರಂಗ ಮುಂತಾದ ವಾದ್ಯಗಳಲ್ಲಿಯೂ ಪರಿಣತರಾಗಿದ್ದರು. ಸ್ವರಜತಿ, ವರ್ಣ, ತಿಲ್ಲಾನಗಳನ್ನು ರಚಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಇವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತು ಗೌರವಿಸಿದರು.

ಬರೋಡದ ಮಹಾರಾಜರು ಇವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಲು ಏರ್ಪಡಿಸಿದಾಗ, ಶೇಷಣ್ಣನವರು ತಮ್ಮ ವೀಣೆಯನ್ನು ಪಲ್ಲಕ್ಕಿಯಲ್ಲಿರಿಸಿ ತಾವು ಅದರೊಡನೆ ನಡೆದು ಸಾಗಿದರೆಂಬುದು ಸಂಗೀತ ವಲಯದಲ್ಲಿ ಪ್ರಚಲಿತವಾಗಿರುವ ಸಂಗತಿ. ಸನ್ಮಾನವು ವಿದ್ಯೆಗೆ ಸಲ್ಲತಕ್ಕದ್ದೇ ಹೊರತು ವ್ಯಕ್ತಿಗಲ್ಲವೆಂಬ ಅವರ ನಿಲುವು ಇದರಿಂದ ವ್ಯಕ್ತವಾಗುತ್ತದೆ.

ಬೆಳಗಾವಿಯಲ್ಲಿ ವೀಣಾವಾದನ

1924ರ ಡಿಸೆಂಬರ್‌ನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವಿದು. ಆಗ 72 ವರ್ಷ ವಯಸ್ಸಿನವರಾಗಿದ್ದ ಶೇಷಣ್ಣನವರು ಅಲ್ಲಿ ವೀಣೆಯನ್ನು ನುಡಿಸಿದರು; ಗಾಂಧಿಯವರೂ ಆಲಿಸಿದರು.

ಆ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಶೇಷಣ್ಣನವರ ಮೈಸೂರು ಅರಸರ ಸಂಸ್ಥಾನವಾಗಿದ್ದರೆ, ಬೆಳಗಾವಿಯೂ ಅಣಶಿಯನ್ನೊಳಗೊಂಡ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಧಿವೇಶನದ ಸಂದರ್ಭದಲ್ಲಿಯೇ ಬೆಳಗಾವಿಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನವೂ ಜರುಗಿತು. ಆಡಳಿತದ ಗಡಿಗಳು ಅಳಿಯಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಮೈಸೂರಿನ ವೀಣೆಯಾದರೋ ಅದಕ್ಕೆ 32 ವರ್ಷಗಳ ಮೊದಲೇ ಆ ಗಡಿಯನ್ನು ದಾಟಿ ಬಂದಿತ್ತು.

ನಿಧನ ಮತ್ತು ಶಿಷ್ಯ ಪರಂಪರೆ

ಶೇಷಣ್ಣನವರು 1926ರಲ್ಲಿ ನಿಧನರಾದರು. ವೀಣೆ ವೆಂಕಟಗಿರಿಯಪ್ಪ, ಮೊಮ್ಮಗ ಸ್ವರಮೂರ್ತಿ ವಿ. ಎನ್. ರಾವ್ ಮುಂತಾದವರು ಇವರ ಪರಂಪರೆಯನ್ನು ಮುಂದುವರಿಸಿದರು. ಗುರುವಿನ ಎದುರು ಕುಳಿತು, ಕಿವಿಯಿಂದ ಕೇಳಿ, ಬೆರಳಿನಿಂದ ಕಲಿಯತಕ್ಕ ವಿದ್ಯೆಯಿದು. ಕಲಿಸುವವರೂ ಕಲಿಯುವವರೂ ಇಲ್ಲವಾದಲ್ಲಿ ಒಂದೇ ತಲೆಮಾರಿನಲ್ಲಿ ಕಣ್ಮರೆಯಾಗಬಹುದು.

ಆದ್ದರಿಂದ ಕಲಾವಿದರಿಗೆ ಮೀಸಲಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಅರ್ಜಿಯು ಕೇವಲ ವೈಯಕ್ತಿಕ ಸಹಾಯದ ಕೋರಿಕೆಯೆಂದು ಸಂಕೋಚಪಡಬೇಕಾಗಿಲ್ಲ. ಕಲಾವಿದರಿಗೆ ನೀಡುವ ನೆರವು ಅವರು ಕಾಪಾಡಿಕೊಂಡು ಬಂದಿರುವ ವಿದ್ಯೆಗೂ ಸಲ್ಲುತ್ತದೆ.